ಕಿವಿ, ಹಣೆ, ಕಣ್ಣು ಹೊರತಾಗಿ

ನಮ್ಮ ಊರಿನಲ್ಲಿ ಗುತ್ತಿಗೆ ಪತ್ರ ಬರೆಯುವವನಿಗೆ ಚಹಾ ಪುಕ್ಕಟೆ, ಬೈಗುಳವೂ ಪುಕ್ಕಟೆ. ಮೂವತ್ತೊಂದು ವರ್ಷದಿಂದ ಎರಡನ್ನೂ ತೆಗೆದುಕೊಂಡು ಬಂದಿದ್ದೇನೆ. ನನ್ನ ಹೆಸರು ರಾಚಪ್ಪ. ಊರವರು ವಕ್ಕಣೆ ರಾಚಪ್ಪ ಅನ್ನುತ್ತಾರೆ, ಯಾಕೆಂದರೆ ಪತ್ರದ ವಕ್ಕಣೆಯಲ್ಲಿ ಸೂಜಿ ತೂರುವಷ್ಟು ಸಂದಿಯನ್ನೂ ನಾನು ಬಿಡುವುದಿಲ್ಲ ಎಂಬುದು ಅವರ ನಂಬಿಕೆ. ಆ ನಂಬಿಕೆ ಹುಟ್ಟಿಸಿದವನೂ ನಾನೇ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಬರೆಯುವವರು ಬೇರೆ ಊರುಗಳಲ್ಲಿ ಇರಬಹುದು, ಅಲ್ಲಿ ಅದು ನಡೆಯುತ್ತದೆ. ನಮ್ಮಲ್ಲಿ ನಡೆಯುವುದಿಲ್ಲ. ನಮ್ಮಲ್ಲಿ ಯಾವುದನ್ನು ಗುತ್ತಿಗೆಗೆ ಕೊಡುತ್ತೀರೋ ಅದು ಗುತ್ತಿಗೆ ಮುಗಿಯುವವರೆಗೆ ಕೊಟ್ಟವರ ಕಣ್ಣಿಗೆ ಕಾಣುವುದಿಲ್ಲ. ಹೆಬ್ಬೆಟ್ಟಿನ ಮಸಿ ಒಣಗುವುದರೊಳಗೆ ಮಾಯ. ಉಳಿದವರಿಗೆಲ್ಲ ಕಾಣುತ್ತದೆ. ಕೊಟ್ಟವರ ಕೈಗೂ ಸಿಗುತ್ತದೆ, ಎಡವಿದರೆ ಕಾಲಿಗೂ ತಾಗುತ್ತದೆ, ಕಣ್ಣಿಗೆ ಮಾತ್ರ ಇಲ್ಲ. ಕೊಟ್ಟವ ಕೋಡಂಗಿ, ಇಸಕೊಂಡವ ಈರಭದ್ರ ಅನ್ನುವ ಗಾದೆಯನ್ನು ನಮ್ಮಷ್ಟು ಚೆನ್ನಾಗಿ ಅರ್ಥ ಮಾಡಿಕೊಂಡವರು ಇರಲಾರರು.

ಇದಕ್ಕೆ ನಾವು ಹೊಂದಿಕೊಂಡಿದ್ದೇವೆ. ಮನೆ ಕೊಟ್ಟವರ ಕಣ್ಣಿಗೆ ಗೋಡೆ ಕಾಣುವುದಿಲ್ಲ, ಒಳಗಿದ್ದವರು ಬಯಲಲ್ಲಿ ಕೂತು ಉಂಡ ಹಾಗೆ ಕಾಣುತ್ತಾರೆ. ಅದಕ್ಕೇ ಬಾಡಿಗೆಗೆ ಬರುವವರು ಪಾತ್ರೆಪಗಡಕ್ಕಿಂತ ಮೊದಲು ಸ್ವಂತ ಪರದೆ ತರುತ್ತಾರೆ. ಪರದೆ ಅವರದಾದ್ದರಿಂದ ಮನೆಯೊಡೆಯನಿಗೂ ಕಾಣುತ್ತದೆ, ಎಲ್ಲರ ಮರ್ಯಾದೆ ಉಳಿಯುತ್ತದೆ. ಎತ್ತು ಕೊಟ್ಟವರು ರಸ್ತೆಯ ಅಂಚಿನಲ್ಲೇ ನಡೆಯುತ್ತಾರೆ, ಗಂಟೆಯ ಸದ್ದು ಕೇಳಿದರೆ ನಿಂತುಬಿಡುತ್ತಾರೆ. ಬಾವಿ ಕೊಟ್ಟ ಒಬ್ಬ ಮಹಾನುಭಾವ ತನ್ನದೇ ಬಾವಿಯಲ್ಲಿ ಎರಡು ಸಲ ಬಿದ್ದು, ಮೂರನೆಯ ಸಲ ಬೀಳುವ ಮುಂಚೆ ಬಂದು ಪತ್ರ ರದ್ದು ಮಾಡಿಸಿದ. ಅವನು ನನಗೇ ಬೈದ. ನಾನು ಚಹಾ ತರಿಸಿ ಕೊಟ್ಟೆ.

ಹೊನ್ನೂರವ್ವ ತನ್ನ ಕುದುರೆಯನ್ನು ಗುತ್ತಿಗೆಗೆ ಕೊಡುತ್ತಾಳಂತೆ ಎಂದು ಕೇಳಿದಾಗ ನಾನು ನಂಬಿರಲಿಲ್ಲ. ಹೊನ್ನೂರವ್ವ ಅಂದರೆ ಗುಡ್ಡದ ಬುಡದಲ್ಲಿ ಇರುವ, ಒಂದು ಕಾಲಕ್ಕೆ ಕುದುರೆಯ ಮೇಲೆ ಉಪ್ಪು ಹೇರಿಕೊಂಡು ಹದಿನೆಂಟು ಹಳ್ಳಿ ತಿರುಗಿದ ಹೆಂಗಸು. ಅವಳ ಕುದುರೆ ಕೆಂಚಿ ಹುಟ್ಟಿದ್ದೇ ದಾರಿಯಲ್ಲಿ, ಅವಳ ಕೈಯಲ್ಲಿ, ಉಪ್ಪಿನ ಚೀಲದ ಮೇಲೆ. ಈಗ ಕೆಂಚಿಗೆ ಹದಿನಾರು ವರ್ಷ. ಹೊನ್ನೂರವ್ವನ ಮಂಡಿಗಳು ಮಾತು ಕೇಳುವುದು ಬಿಟ್ಟಿದ್ದವು, ಗುಡ್ಡ ಹತ್ತಿ ಹುಲ್ಲು ಕೊಯ್ಯಲು ಆಗುತ್ತಿರಲಿಲ್ಲ. ಗುತ್ತಿಗೆಗೆ ಕೇಳಿದವ ಮಾಬೂಸಾಬ. ಊರಿಗೂ ಹೊಳೆ ದಾಟುವ ಕಡವಿಗೂ ನಡುವೆ ಜಟಕಾ ಓಡಿಸುವವನು. ಅವನ ಗಂಡು ಕುದುರೆ ಬಾದಲ್‌ಗೂ ವಯಸ್ಸಾಗಿತ್ತು. ಬಾದಲ್‌ನ ಕಾಲು ಸೋಲುವ ಮುಂಚೆ ಅದರದ್ದೊಂದು ಮರಿ ಹಟ್ಟಿಯಲ್ಲಿ ಇರಬೇಕು, ಇಲ್ಲದಿದ್ದರೆ ಜಟಕಾ ಸೌದೆಗೆ ಹಾಕಬೇಕಾಗುತ್ತದೆ ಎಂಬುದು ಅವನ ಕಷ್ಟ. ಸುತ್ತಮುತ್ತ ಇದ್ದ ಹೆಣ್ಣು ಕುದುರೆ ಕೆಂಚಿ ಒಂದೇ.

ಪತ್ರಕ್ಕೆಂದು ನನ್ನ ಜಗಲಿಯ ಮೇಲೆ ಕೂತದ್ದು ಒಂದು ಬೆಳಿಗ್ಗೆ, ಮುಗಿದದ್ದು ಮೂರನೆಯ ದಿನ ಸಂಜೆ. ಮೊದಲ ದಿನವೆಲ್ಲ ಮರಿಯದೇ ಮಾತು.

"ಹುಲ್ಲು ನೀ ಹಾಕು, ಮರಿ ನನಗಿರ್ಲಿ," ಅಂದಳು ಹೊನ್ನೂರವ್ವ. "ಇನ್ನಾಗೂದು ಆಕಿದು ಕಡೀ ಬಸಿರು. ಆಕಿ ಹೋದ ಮ್ಯಾಲ ನನಗ ಏನರ ಇರಬೇಕಲ್ಲೋ."

"ಅವ್ವಾ, ಮರಿ ನಿನಗಾದ್ರ ನನಗೇನು, ಲದ್ದಿ ಏನು?" ಅಂದ ಮಾಬೂಸಾಬ.

ಇಬ್ಬರೂ ನಕ್ಕರು, ಇಬ್ಬರೂ ಪಟ್ಟು ಬಿಡಲಿಲ್ಲ. ಎರಡನೆಯ ದಿನ ಬಂದಾಗ ಹೊನ್ನೂರವ್ವನ ಮುಖ ಸೋತಿತ್ತು. ರಾತ್ರಿ ಕೆಂಚಿ ಹಸಿವಿಗೆ ಗುಡಿಸಲಿನ ಸೂರಿನ ಹುಲ್ಲು ಎಳೆದು ತಿಂದಿತ್ತಂತೆ. "ಮರಿ ಅವನಿಗೇ ಬರಿ," ಅಂದಳು, ನನ್ನ ಕಡೆ ನೋಡದೆ. ಅದಕ್ಕೆ ಪ್ರತಿಯಾಗಿ ಮಾಬೂಸಾಬ ಕೆಂಚಿಗೆ ಅದರ ಕೊನೆಯುಸಿರಿನ ತನಕ ಹುಲ್ಲು, ಹುರುಳಿ, ಒಣ ಜಾಗ ಕೊಡಬೇಕು. ಮರಿ ಬದುಕಿದರೂ ಕೊಡಬೇಕು, ಬದುಕದಿದ್ದರೂ ಕೊಡಬೇಕು. ಅವನು ಒಪ್ಪಿದ. ಗುತ್ತಿಗೆಯ ಅವಧಿ ಮರಿ ಹಾಲು ಬಿಡುವವರೆಗೆ.

ಆಮೇಲೆ ಹೊನ್ನೂರವ್ವ ಹೊಸ ಗಂಟು ಹಾಕಿದಳು. "ಆದ್ರ ಮುಖ ಕೊಡಂಗಿಲ್ಲ," ಅಂದಳು. "ವರ್ಷದ ಮ್ಯಾಲ ಆರು ತಿಂಗಳು ಆಕಿನ್ನ ನೋಡಲಾರದ ನಾ ಇರಂಗಿಲ್ಲ. ಮೈ ತಗೊಳ್ಳಿ, ಮುಖ ನನಗ ಬಿಡ್ರಿ."

ಇಂಥ ಸಂದರ್ಭ ಬಂದಾಗಲೇ ನನ್ನಂಥವನ ಬೆಲೆ ಗೊತ್ತಾಗುವುದು. ಮುಖ ಎಂದು ಬರೆದರೆ ಬಾಯಿಯೂ ಬಂತು. ಬಾಯಿ ಅವಳದಾದರೆ ಮೇವು ಹಾಕುವ ಮಾಬೂಸಾಬ ಪ್ರತಿ ತುತ್ತಿಗೂ ಅವಳ ಅಪ್ಪಣೆ ಕೇಳಬೇಕು. ಕೊರಳು ಅವನಿಗೆ ಬೇಕು, ಹಗ್ಗ ಕಟ್ಟಲು. ಮೂಗು ಯಾರದು? ಉಸಿರು ಯಾರದು? ಮಾಬೂಸಾಬನಿಗೆ ಸಾಕಾಗಿ, "ನಾನೇನು ಕುದುರಿ ಕಡಿದು ಮಾರಾಕ ಹತ್ತೀನೇನು?" ಅಂದ. ನಾನು ಒಂದೊಂದೇ ಅಂಗ ಹೇಳುತ್ತ ಹೋದೆ, ಅವರು ತಲೆಯಾಡಿಸುತ್ತ ಹೋದರು. ಕೊನೆಗೆ ಬರೆದದ್ದು ಹೀಗೆ: ಕೆಂಚಿ ಎಂಬ ಹೆಣ್ಣು ಕುದುರೆಯನ್ನು, ಅದರ ಎರಡು ಕಿವಿ, ಹಣೆ, ಎರಡು ಕಣ್ಣು ಹೊರತಾಗಿ, ಬಾಲದ ತುದಿಯವರೆಗೆ ಗುತ್ತಿಗೆಗೆ ಕೊಟ್ಟಿದ್ದೇನೆ. ಓದಿ ಹೇಳಿದಾಗ ನನ್ನ ಎದೆ ಉಬ್ಬಿತು. ಇದೇ ಕಸುಬು ಮಾಡಿದ ನನ್ನ ಅಪ್ಪನ ಕೈಯಲ್ಲೂ ಇಂಥ ವಾಕ್ಯ ಆಗುತ್ತಿರಲಿಲ್ಲ.

ಮೂರನೆಯ ದಿನ ಮಾಬೂಸಾಬನ ಸರದಿ. ಕೆಂಚಿ ಹಿಂದೆ ಎರಡು ಸಲ ಗಬ್ಬವಾಗಿತ್ತು. ಒಂದು ಮರಿ ಹೊಟ್ಟೆಯಲ್ಲೇ ಹೋಯಿತು, ಇನ್ನೊಂದು ನೆಲಕ್ಕೆ ಬಿದ್ದು ಏಳಲೇ ಇಲ್ಲ. "ಸತ್ತ ಮರಿಗೆ ನಾ ವಾರಸುದಾರ ಆಗಂಗಿಲ್ಲ," ಅಂದ ಅವನು. "ನಾಕು ಕಾಲ ಮ್ಯಾಲ ನಿಂತ್ರ ನಂದು. ಅಲ್ಲೀಮಟ ನಂದಲ್ಲ." ನ್ಯಾಯವಾದ ಮಾತು. ಮರಿಯು ನಾಲ್ಕು ಕಾಲುಗಳ ಮೇಲೆ ನಿಂತ ಕ್ಷಣದಿಂದ ಮಾಬೂಸಾಬನ ಸ್ವತ್ತು, ಎಲ್ಲೇ ನಿಲ್ಲಲಿ, ಎಂದೇ ನಿಲ್ಲಲಿ ಎಂದು ಬರೆದೆ. ನಿಂತ ವೇಳೆಯನ್ನು ಪತ್ರ ಬರೆದವನೇ ಖುದ್ದಾಗಿ ನೋಡಿ ನಮೂದಿಸಬೇಕು ಎಂದೂ ಸೇರಿಸಿದೆ. ದನಕರುಗಳ ಪತ್ರದಲ್ಲಿ ನಾವು ಸಾಮಾನ್ಯವಾಗಿ 'ಗಬ್ಬ ಸಹಿತ' ಎಂದು ಬರೆಯುವುದುಂಟು. ಅದು ಆಗಲೇ ಗಬ್ಬವಾದ ಹಸುವಿಗೆ. ಕೆಂಚಿಯನ್ನು ಬಾದಲ್‌ನ ಹತ್ತಿರ ಇನ್ನೂ ಬಿಟ್ಟೇ ಇರಲಿಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಯಾಕೆ ಎಂದು ಆ ಎರಡು ಪದ ಬಿಟ್ಟೆ.

ಹೆಬ್ಬೆಟ್ಟು ಒತ್ತಿ ತಲೆ ಎತ್ತಿದ ಹೊನ್ನೂರವ್ವ ಜಗಲಿಯ ಕೆಳಗೆ ನಿಂತಿದ್ದ ಕೆಂಚಿಯ ಕಡೆ ನೋಡಿದಳು. ಅವಳಿಗೆ ಕಂಡದ್ದು ಗಾಳಿಯಲ್ಲಿ ನಿಂತ ಎರಡು ಕಿವಿ, ಅವುಗಳ ಕೆಳಗೆ ಹಣೆ, ಎರಡು ಕಣ್ಣು, ಅಷ್ಟೇ. ಅವಳು ಅಳುತ್ತಾಳೆ ಅಂದುಕೊಂಡೆ. ಅವಳು ಇಳಿದು ಹೋಗಿ ಹಣೆಯ ಮೇಲೆ ಕೈಯಿಟ್ಟಳು. ಕಣ್ಣು ಮುಚ್ಚಿ ತೆರೆದವು. "ಸಾಕು," ಅಂದಳು. "ಇಷ್ಟಿದ್ರ ಸಾಕು."

ಅಂದಿನಿಂದ ಅವಳು ದಿನಾ ಮಾಬೂಸಾಬನ ಹಟ್ಟಿಗೆ ಬರತೊಡಗಿದಳು. ಮಾಬೂಸಾಬನ ಹೆಂಡತಿ ಖೈರುನ್‌ಬಿ ಒಂದು ಬುಟ್ಟಿ ಬೋರಲು ಹಾಕಿ ಕೊಡುತ್ತಿದ್ದಳು, ಚಹಾ ಕೊಡುತ್ತಿದ್ದಳು. ಕೆಂಚಿ ಮೈತುಂಬಿಕೊಂಡಿತು, ಎರಡು ತಿಂಗಳಲ್ಲಿ ಗಬ್ಬವೂ ಆಯಿತು. ನಾನು ಆ ದಾರಿಯಲ್ಲಿ ಹೋಗುವಾಗಲೆಲ್ಲ ಹೊನ್ನೂರವ್ವ ಬುಟ್ಟಿಯ ಮೇಲೆ ಕೂತಿರುತ್ತಿದ್ದಳು. ಮೊದಲೆಲ್ಲ ಅವಳ ದೃಷ್ಟಿ ಕಿವಿಗಳ ಎತ್ತರಕ್ಕೆ ಇರುತ್ತಿತ್ತು. ಆಮೇಲೆ ಕೆಳಗೆ ಬಂತು. ವಯಸ್ಸಾಯಿತು, ಕೂತಲ್ಲೇ ತೂಕಡಿಸುತ್ತಾಳೆ ಅಂದುಕೊಂಡೆ. ಒಂದು ದಿನ ಏನೂ ಇಲ್ಲದೆ ಒಬ್ಬಳೇ ನಕ್ಕಳು. ಇನ್ನೊಂದು ದಿನ ನನ್ನನ್ನು ಕರೆದು, "ರಾಚಪ್ಪಾ, ಪತ್ರದಾಗ ಬರೀಲಾರದ್ದು ಯಾರದು?" ಎಂದು ಕೇಳಿದಳು. ಇದು ನನ್ನ ಕಸುಬಿನ ಮೊದಲ ಪಾಠ. "ಬರೆಯದ್ದೆಲ್ಲ ಯಜಮಾನರದು," ಅಂದೆ. ಅವಳು "ಹೌದಲ್ಲ," ಅಂದು ಚಹಾ ಕುಡಿದಳು. ಯಾಕೆ ಕೇಳಿದಳೆಂದು ಯೋಚಿಸಲಿಲ್ಲ. ನನ್ನ ಪತ್ರದಲ್ಲಿ ಬರೆಯದ್ದು ಏನಾದರೂ ಇರಬಹುದು ಎಂದು ನನಗೆ ಹೊಳೆಯಲೇ ಇಲ್ಲ.

ಕುದುರೆಗಳು ಸಾಮಾನ್ಯವಾಗಿ ಕತ್ತಲಲ್ಲಿ, ಯಾರೂ ಇಲ್ಲದಾಗ ಈಯುತ್ತವೆ. ಕೆಂಚಿ ಮಾತ್ರ ಹಗಲು ಹತ್ತು ಗಂಟೆಗೆ, ಊರೆಲ್ಲ ಎಚ್ಚರ ಇರುವಾಗ ಶುರು ಮಾಡಿತು. ಖೈರುನ್‌ಬಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನನ್ನ ಜಗಲಿಗೆ ಬಂದು, "ನಡೀರಿ, ಬರಕೊಳ್ಳೋ ಹೊತ್ತು ಬಂತು," ಅಂದಳು. ಮಸಿ, ಲೇಖನಿ, ಪತ್ರ ಎತ್ತಿಕೊಂಡು ಹೋದೆ.

ಹಟ್ಟಿಯಲ್ಲಿ ಕೆಂಚಿ ಮೈಯೆಲ್ಲ ಬೆವೆತು ನಿಂತಿತ್ತು. ನೀರು ಒಡೆದು ಆಗಲೇ ಸಾಕಷ್ಟು ಹೊತ್ತಾಗಿತ್ತು. ಒಂದು ಗೊರಸು ಹೊರಗೆ ಇಣುಕಿತ್ತು. ಮರಿಯ ಮುಂಗಾಲು ಎರಡೂ ಒಟ್ಟಿಗೆ ಬರಬೇಕು, ಅವುಗಳ ಮೇಲೆ ಮೂತಿ ಬರಬೇಕು. ಇಲ್ಲಿ ಒಂದೇ ಕಾಲು. ಮಾಬೂಸಾಬ ಎಣ್ಣೆ ಹಚ್ಚಿದ ಬಲಗೈಯನ್ನು ಮೊಣಕೈ ತನಕ ಒಳಗೆ ಬಿಟ್ಟು ಹುಡುಕುತ್ತಿದ್ದ. "ಸಿಗವಲ್ದು," ಅಂದ. "ಇನ್ನೊಂದು ಕಾಲು ಎಲ್ಲೈತೋ ಸಿಗವಲ್ದು." ಹೀಗೇ ಬಿಟ್ಟರೆ ಮೊದಲು ಮರಿ, ಆಮೇಲೆ ತಾಯಿ.

ಹೊನ್ನೂರವ್ವ ತಲೆಯ ಹತ್ತಿರ ನಿಂತು ಕೆಂಚಿಯ ಹಣೆ ನೇವರಿಸುತ್ತಿದ್ದಳು. ಕಿವಿಗಳು ಹಿಂದಕ್ಕೆ ಅಂಟಿಕೊಂಡಿದ್ದವು. ಅವಳು ನನ್ನ ಕೈಯಲ್ಲಿದ್ದ ಪತ್ರದ ಕಡೆ ಒಮ್ಮೆ ನೋಡಿದಳು. ಆಮೇಲೆ ತನಗೆ ಕಾಣದ ಮೈಯನ್ನು ಅಂಗೈಯಿಂದ ಸವರುತ್ತ ಮಾಬೂಸಾಬನ ಪಕ್ಕಕ್ಕೆ ಬಂದು ಬಗ್ಗಿದಳು.

"ನಿನ್ನ ಕೈ ಕುತ್ತಿಗಿ ಮ್ಯಾಲ ಐತಿ," ಅಂದಳು. "ಅದಲ್ಲ. ಕೆಳಗ ಇಳಿಸು. ಎಡಗಾಲು ಮಂಡಿ ಮಡಿಚಿಕೊಂಡು ಎದಿ ಕೆಳಗ ಹೋಗೈತಿ."

"ನಿನಗ್ಹೆಂಗ ಗೊತ್ತವ್ವಾ?"

"ಕಾಣ್ತೈತಿ. ಮರೀನೂ ಕಾಣ್ತೈತಿ, ನಿನ್ನ ಕೈನೂ ಕಾಣ್ತೈತಿ. ಮಾತು ಬ್ಯಾಡ. ಮೊದಲ ಮರಿನ್ನ ಒಂದು ಗೇಣು ಹಿಂದಕ್ಕ ನೂಕು, ಜಾಗ ಮಾಡ್ಕೋ. ಆಕಿ ಮುಕ್ಕರಿದಾಗ ಬ್ಯಾಡ, ಬಿಟ್ಟಾಗ. ಹಾಂ, ಈಗ. ಇನ್ನಷ್ಟು. ಬಲಕ್ಕ. ಅದು ಮಂಡಿ. ಮಂಡಿ ಹಿಡಕೊಂಡು ಕೆಳಗ ಸರೀತಾ ಹೋಗು. ಗೊರಸು ಸಿಕ್ತೇನು? ಅಂಗೈಯಾಗ ಮುಚ್ಚಿ ಹಿಡಿ, ಇಲ್ಲಂದ್ರ ಗರ್ಭದ ಚೀಲ ಹರೀತೈತಿ. ಮುಚ್ಚಿದ್ಯಾ? ಈಗ ಮೆಲ್ಲಕ ನಿನ್ನ ಕಡೆ ತಾ."

ನಮಗೆ ಕಾಣುತ್ತಿದ್ದದ್ದು ಕುದುರೆಯೊಳಗೆ ಹೂತುಹೋದ ಒಂದು ತೋಳು. ಅವಳಿಗೆ ಆ ಕುದುರೆ ಇರಲೇ ಇಲ್ಲ. ಬಯಲಲ್ಲಿ ಒಂದು ಮರಿ, ಅದರ ಕಾಲು ಹಿಡಿದ ಒಂದು ಕೈ. ಅಂಗಳದಲ್ಲಿ ಅಕ್ಕಿ ಆರಿಸುವವರಿಗೆ ಕಲ್ಲು ತೋರಿಸಿದ ಹಾಗೆ ಅವಳು ತೋರಿಸುತ್ತ ಹೋದಳು. ಎರಡನೆಯ ಗೊರಸು ಹೊರಗೆ ಬಂತು. ಕೆಂಚಿ ದೊಪ್ಪನೆ ಮಲಗಿತು, ಮೂರು ಸಲ ಮುಕ್ಕರಿಯಿತು. ಒದ್ದೆಯಾದ ಕಂದು ಬಣ್ಣದ ಹೆಣ್ಣು ಮರಿ ನೆಲದ ಮೇಲಿತ್ತು, ಉಸಿರಾಡುತ್ತಿತ್ತು. ಸ್ವಲ್ಪ ಹೊತ್ತಿಗೆ ಕೆಂಚಿ ತಾನಾಗಿ ಎದ್ದು ನಿಂತು ಮರಿಯನ್ನು ನೆಕ್ಕತೊಡಗಿತು. ಖೈರುನ್‌ಬಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನೂ ಒರೆಸಿಕೊಂಡೆ.

ಮಾಬೂಸಾಬ ಗೋಣಿತಟ್ಟಿನಿಂದ ಮರಿಯ ಮೈ ಉಜ್ಜುತ್ತಿದ್ದವನು ಒಮ್ಮೆಲೇ ನಿಲ್ಲಿಸಿದ. ನನ್ನ ಕಡೆ ತಿರುಗಿ, "ರಾಚಪ್ಪಾ, ಹೊಟ್ಟಿ ನನಗ ಗುತ್ತಿಗಿ ಆದ ಮ್ಯಾಲ ಹೊಟ್ಟ್ಯಾಗಿನ ಮರಿ ಅವ್ವಗ ಹೆಂಗ ಕಾಣ್ತು?" ಅಂದ.

ಪತ್ರ ತೆಗೆದು ಓದಿದೆ. ಎರಡನೆಯ ಸಲ ಓದುವಾಗ ಕಿವಿ ಬಿಸಿಯಾಯಿತು. ಕಿವಿ ಬರೆದಿದ್ದೆ, ಹಣೆ ಬರೆದಿದ್ದೆ, ಬಾಲದ ತುದಿ ಬರೆದಿದ್ದೆ. ಗಬ್ಬ ಬರೆದಿರಲಿಲ್ಲ. ಬರೆಯದ್ದು ಗುತ್ತಿಗೆಗೆ ಹೋಗಿಲ್ಲ. ಹೋಗದ್ದು ಕಾಣುತ್ತದೆ. ಕಾಳಿನಷ್ಟಿದ್ದಾಗಿನಿಂದ ಈ ಗಳಿಗೆಯವರೆಗೂ ಮರಿ ಹೊನ್ನೂರವ್ವನದು. "ನನ್ನ ತಪ್ಪು," ಅಂದೆ. ಮೂವತ್ತೊಂದು ವರ್ಷದಲ್ಲಿ ಆ ಮಾತು ನನ್ನ ಬಾಯಿಂದ ಬಂದದ್ದು ಅದೇ ಮೊದಲು. ನಾಚಿಕೆಯಿಂದ ನೆಲ ನೋಡಿದೆ.

"ಬಾಲದ ತುದಿ ನೆನಪಿತ್ತು, ಮರಿ ನೆನಪಿರ್ಲಿಲ್ಲೇನ್ರಿ?" ಅಂದಳು ಖೈರುನ್‌ಬಿ. ಆ ಬೈಗುಳ ನನಗೆ ಸಲ್ಲಬೇಕಾದದ್ದೇ.

"ಅಂದ್ರ ಇದು ನಂದಲ್ಲ," ಅಂದ ಮಾಬೂಸಾಬ.

"ನಿಂತರೆ ನಿನ್ನದು," ಅಂದೆ. "ಇನ್ನೂ ನಿಂತಿಲ್ಲ."

ಅವನು ಗೋಣಿತಟ್ಟು ಕೆಳಗಿಟ್ಟು ಎರಡು ಹೆಜ್ಜೆ ಹಿಂದೆ ಸರಿದು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. ಇನ್ನೊಬ್ಬರದನ್ನು ಕೇಳದೆ ಮುಟ್ಟುವುದು ನಮ್ಮಲ್ಲಿಲ್ಲ. ಕಾಣದ ವಸ್ತುಗಳ ನಡುವೆ ಬದುಕುವವರಿಗೆ ಆ ಒಂದು ನೇಮವಾದರೂ ಬೇಕು.

ಹೊನ್ನೂರವ್ವ ನೆಲಕ್ಕೆ ಕೂತು ಮರಿಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಳು. "ಮೊದಲ ಅವರಿಕಾಳಿನಷ್ಟಿತ್ತು," ಅಂದಳು, ಯಾರನ್ನೂ ನೋಡದೆ. "ಗಾಳ್ಯಾಗ ತೂಗ್ತಿತ್ತು. ಏನೋ ಹುಳ ಅಂತ ಕೈ ಬೀಸಿದ್ರ ಕೆಂಚಿ ಹೊಟ್ಟಿ ಕೈಗೆ ತಾಗ್ತು. ಆಗ ತಿಳೀತು. ಆಮ್ಯಾಲ ಕಾಲು ಬಂದ್ವು. ಗೊರಸು ಬಂದ್ವು. ಒಂದಿನ ಬಿಕ್ಕಳಿಸ್ತು, ನನಗ ನಗಿ ತಡಕೊಳ್ಳಾಕ ಆಗ್ಲಿಲ್ಲ. ಹೇಳಿದ್ರ ಪತ್ರ ತಿದ್ದಿಬಿಡ್ತಿದ್ರಿ, ಮತ್ತ ಕಾಣ್ತಿರ್ಲಿಲ್ಲ. ಅದಕ್ಕ ಹೇಳ್ಲಿಲ್ಲ. ತಪ್ಪಾತು, ಮಾಬೂ."

ಮಾಬೂಸಾಬನ ಕಣ್ಣು ಮರಿಯ ಕಾಲುಗಳ ಮೇಲೇ ಇತ್ತು. ಅವನಿಗೆ ಆ ಮರಿ ಎಷ್ಟು ಬೇಕಾಗಿತ್ತೆಂದು ನನಗೆ ಗೊತ್ತು, ಅವನ ಮುಖ ನೋಡಿದ್ದರೆ ಯಾರಿಗಾದರೂ ಗೊತ್ತಾಗುತ್ತಿತ್ತು.

ಮರಿ ಏಳಲು ನೋಡಿತು. ಮುಂಗಾಲು ಊರಿತು, ಹಿಂಗಾಲು ಜಾರಿತು, ಬಿತ್ತು. ಇನ್ನೊಂದು ಸಲ ಎದ್ದಿತು, ಬಿತ್ತು. ಹುಟ್ಟುವಾಗಲೇ ದಣಿದಿತ್ತು. ಮೂರನೆಯ ಸಲ ಬಿದ್ದ ಮೇಲೆ ಕತ್ತು ಚಾಚಿ ಮಲಗಿಬಿಟ್ಟಿತು. ಅರ್ಧ ಗಂಟೆ ಹೋಯಿತು, ಮುಕ್ಕಾಲು ಗಂಟೆ ಹೋಯಿತು. ಮೊದಲ ಹಾಲು ಹೊಟ್ಟೆಗೆ ಬೀಳದಿದ್ದರೆ ಕುದುರೆ ಮರಿ ಉಳಿಯುವುದು ಕಷ್ಟ. ಖೈರುನ್‌ಬಿಗೆ ನೋಡಿಕೊಂಡಿರಲು ಆಗಲಿಲ್ಲ. ಕೆಂಚಿಯ ಕೆಚ್ಚಲಿನಿಂದ ಒಂದು ಬಟ್ಟಲು ಹಾಲು ಕರೆದು ತಂದು ಹೊನ್ನೂರವ್ವನ ಮುಂದೆ ಹಿಡಿದಳು. "ನಿಲ್ಲೂದು ಬ್ಯಾಡ. ಮಲಗಿದಲ್ಲೇ ಕುಡಿಸವ್ವಾ," ಅಂದಳು. ಗಂಡನ ಕಡೆ ನೋಡಲಿಲ್ಲ.

ಹೊನ್ನೂರವ್ವ ಬಟ್ಟಲಿನಲ್ಲಿ ಬೆರಳು ಅದ್ದಿ ಮರಿಯ ಬಾಯಿಗಿಟ್ಟಳು. ಮರಿ ಬೆರಳು ಚೀಪಿತು. ಇನ್ನೊಮ್ಮೆ ಅದ್ದಿದಳು, ಇನ್ನೊಮ್ಮೆ ಚೀಪಿತು. ಅವಳ ಮುಖದಲ್ಲಿ ಆಗ ಇದ್ದ ಸುಖವನ್ನು ನಾನು ಬೇರೆಲ್ಲೂ ಕಂಡಿಲ್ಲ. ಹೀಗೇ ಹಾಲು ಕುಡಿಸುತ್ತ ಸಂಜೆ ಮಾಡಬಹುದಿತ್ತು, ಹೊದಿಕೆಯಲ್ಲಿ ಸುತ್ತಿ ಗುಡ್ಡದ ಬುಡಕ್ಕೆ ಒಯ್ಯಬಹುದಿತ್ತು. ಪತ್ರದ ಪ್ರಕಾರ ಯಾರೂ ಬೇಡವೆನ್ನುವಂತಿರಲಿಲ್ಲ. ಕೆಂಚಿಯ ಹುಲ್ಲಿಗೂ ಧಕ್ಕೆ ಇರಲಿಲ್ಲ. ಅದನ್ನು ಹೇಳಲು ನಾನು ಬಾಯಿ ತೆರೆದೆ ಕೂಡ, ಹೇಗಾದರೂ ನನ್ನ ತಪ್ಪು ಅವಳಿಗೆ ಲಾಭವಾಗಲಿ ಎಂದು.

ಅವಳು ಬಟ್ಟಲನ್ನು ಪಕ್ಕಕ್ಕೆ ಇಟ್ಟಳು.

"ನನ್ನದಾಗಿ ಉಳೀಬೇಕಂದ್ರ ಇದು ಎಂದೂ ನಿಲ್ಲಬಾರದು," ಅಂದಳು. "ಹೌದಲ್ಲ ರಾಚಪ್ಪಾ?"

"ಹೌದು," ಅಂದೆ.

ಅವಳು ಒಂದು ಕೈ ನೆಲಕ್ಕೆ ಊರಿ, ಮಾತು ಕೇಳದ ಆ ಮಂಡಿಗಳ ಮೇಲೆ ಎದ್ದಳು. ಮರಿಯ ಎದೆಯ ಕೆಳಗೆ ಒಂದು ತೋಳು, ಹೊಟ್ಟೆಯ ಕೆಳಗೆ ಒಂದು ತೋಳು ಹಾಕಿದಳು. ನಾನು ಮುಂದೆ ಹೋದರೆ ತಲೆಯಾಡಿಸಿದಳು. "ಏಳು," ಅಂದಳು ಮರಿಗೆ. "ಏಳವ್ವ, ಆತು, ಏಳು." ಉಸಿರು ಕಟ್ಟಿ ಎತ್ತಿದಳು. ನಾಲ್ಕು ಕಾಲುಗಳೂ ನೆಲ ಹುಡುಕಿದವು. ಒಂದು ಊರಿತು, ಎರಡು ಊರಿದವು. ಮರಿ ಎಲ್ಲ ಕಾಲುಗಳನ್ನೂ ಅಗಲಿಸಿ, ತೂರಾಡುತ್ತ, ತನ್ನ ಭಾರವನ್ನು ತಾನೇ ಹೊತ್ತುಕೊಂಡಿತು. ಅವಳು ಮೊದಲು ಎದೆಯ ಕೆಳಗಿನ ಕೈ ತೆಗೆದಳು, ಆಮೇಲೆ ಹೊಟ್ಟೆಯ ಕೆಳಗಿನದು. ಮರಿ ನಿಂತೇ ಇತ್ತು. ಎರಡು ಹೆಜ್ಜೆ ಇಟ್ಟು, ಕತ್ತು ಮೇಲೆತ್ತಿ, ಕೆಚ್ಚಲಿಗೆ ಬಾಯಿ ಹಾಕಿತು.

ನಾನು ಲೇಖನಿ ಅದ್ದಿದೆ. ವೇಳೆ ಬರೆಯುವ ಬದಲು ಮರಿಯನ್ನೇ ನೋಡುತ್ತ ನಿಂತೆ. ಅದು ಈಗ ಮಾಬೂಸಾಬನ ಸ್ವಂತದ್ದು, ಗುತ್ತಿಗೆಯದಲ್ಲ, ಹಾಗಾಗಿ ಹೊನ್ನೂರವ್ವನಿಗೂ ಕಾಣುತ್ತಲೇ ಇತ್ತು.

"ಗಂಟಲು ಆಡಾಕ ಹತ್ತೈತಿ," ಅಂದಳು ಹೊನ್ನೂರವ್ವ. "ಮಾಬೂ, ನಿನ್ನ ಮರಿ ನೋಡಪಾ, ಹಾಲು ಕುಡ್ಯಾಕ ಹತ್ತೈತಿ. ಸುಮ್ನ ನಿಂತರ ಹೆಂಗ? ನೆಲ ಜಾರ್ತೈತಿ, ಒಣ ಹುಲ್ಲು ತಂದು ಹಾಸು."

ಮಾಬೂಸಾಬ ಮುಖ ಒರೆಸಿಕೊಳ್ಳುತ್ತ ಹುಲ್ಲಿನ ಬಣವೆಯ ಕಡೆ ಓಡಿದ. ಹೊನ್ನೂರವ್ವ ಬಗ್ಗಿಕೊಂಡೇ ನಿಂತಿದ್ದಳು. ಅವಳ ಎರಡೂ ಕೈಗಳು ಮರಿಯ ಹೊಟ್ಟೆಯ ಕೆಳಗೆ, ಮುಟ್ಟದೆ, ಒಂದು ಗೇಣು ದೂರದಲ್ಲಿದ್ದವು.